ಭಾವ ತಲುಪಿಸಿದ ಕವರು

ನಮ್ಮ ಅಕ್ಕನ ಗಂಡ ಕೊರಿಯರ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಗುಡ್ಡದ ಲೈನು ಮಾಡುತ್ತಿದ್ದಾರೆ. ಗುಡ್ಡದ ಲೈನು ಎಂದರೆ ಊರ ಹಿಂದಿನ ಏರುರಸ್ತೆಯ ಮನೆಗಳು, ಎರಡು ಶಾಲೆ, ಒಂದು ಆಸ್ಪತ್ರೆ, ತುತ್ತತುದಿಯಲ್ಲಿ ನೀರಿನ ಟ್ಯಾಂಕಿನ ಆಫೀಸು. ಬೇರೆಯವರು ಪೇಟೆ ಬೀದಿಯ ಲೈನಿಗಾಗಿ ಬಡಿದಾಡುತ್ತಿದ್ದಾಗ ಭಾವ ಇದನ್ನು ಕೇಳಿ ತೆಗೆದುಕೊಂಡರು. ಯಾಕೆ ಎಂದರೆ, "ಮೇಲೆ ಗಾಳಿ ಚೆನ್ನಾಗಿರತ್ತೆ" ಎಂದರು. ಅಷ್ಟೇ. ಅವರ ಬಾಯಿಂದ ಎರಡನೇ ಮಾತು ಹೊರಡಿಸುವುದೂ ಒಂದೇ, ಹಗ್ಗವಿಲ್ಲದೆ ಬಾವಿಯಿಂದ ನೀರು ಸೇದುವುದೂ ಒಂದೇ.

ನನ್ನದು ಸೈಕಲ್ ರಿಪೇರಿ ಅಂಗಡಿ. ಅವರ ಸೈಕಲ್ಲಿಗೆ ಮೂರು ಸಲ ರಿಮ್ಮು, ಏಳು ಸಲ ಚೈನು ನಾನೇ ಹಾಕಿದ್ದೇನೆ. ಗೇರಿಲ್ಲದ ಹಳೇ ಕರೀ ಸೈಕಲ್ಲು, ಎತ್ತಿದರೆ ಸೊಂಟ ಹಿಡಿಯುತ್ತದೆ. "ಇದನ್ನ ಗುಜರಿಗೆ ಹಾಕಿ ಭಾವ, ಗೇರಿಂದು ತಗೊಳ್ಳಿ" ಎಂದರೆ, "ಗೇರ್ ಹಾಕಿದ್ರೆ ಗುಡ್ಡ ಸಣ್ಣದಾಗತ್ತಾ?" ಎನ್ನುತ್ತಾರೆ. ಇಂಥ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಪಂಪು ಎತ್ತಿ ನೆಲಕ್ಕೆ ಕುಕ್ಕುವುದು ಸುಲಭ. ಹಾಗೆ ಎರಡು ಪಂಪು ಹೋಗಿವೆ.

ಮನುಷ್ಯ ಎಂಥವರು ಎಂದು ತಿಳಿಯಲು ಒಂದು ಸಂಗತಿ ಸಾಕು. ಅಕ್ಕನನ್ನು ಕೊಡಲು ಒಪ್ಪಿಗೆಯಿದೆ ಎಂದು ನಮ್ಮಪ್ಪ ಕಾಗದ ಬರೆದು ಕೊರಿಯರಿಗೆ ಹಾಕಿದ್ದರು. ಅದು ಹೋಗಿ ಸೇರಿದ್ದು ಭಾವನ ಚೀಲಕ್ಕೇ. ವಿಳಾಸ ಅವರ ತಂದೆಯದು. ಹಿಂದುಗಡೆ ನಮ್ಮಪ್ಪನ ಹೆಸರು ನೋಡಿದ್ದಾರೆ. ಒಳಗಿರುವುದು ಹೌದೋ ಅಲ್ಲವೋ ಎನ್ನುವ ಮಾತೇ ಎಂದೂ ಗೊತ್ತಾಗಿದೆ. ಆದರೂ ತಮ್ಮ ಮನೆಯ ಬೆಲ್ಲು ತಾವೇ ಒತ್ತಿ, ತಂದೆಯ ಕೈಗೆ ಕವರು ಕೊಟ್ಟು, ಪುಸ್ತಕದಲ್ಲಿ ಸೈನು ಹಾಕಿಸಿ, ಟೈಮು ಬರೆಸಿಕೊಂಡು, ಉಳಿದ ಲೈನು ಮುಗಿಸಲು ಹೊರಟುಹೋದರು. ಮದುವೆ ಗೊತ್ತಾದದ್ದು ಅವರಿಗೆ ತಿಳಿದದ್ದು ಸಂಜೆ. ಬೇರೆಯವರ ಕವರು ಒಡೆಯಬಾರದು, ಸೈನು ಇಲ್ಲದೆ ಮೆಟ್ಟಿಲು ಇಳಿಯಬಾರದು. ಅವರಿಗಿರುವ ಧರ್ಮ ಇವೆರಡೇ. ಅಕ್ಕ ಈ ಕಥೆಯನ್ನು ಇವತ್ತಿಗೂ ಹೇಳುತ್ತಾಳೆ. ಹೊಗಳುತ್ತಾಳೋ ಬೈಯುತ್ತಾಳೋ ತಿಳಿಯುವುದಿಲ್ಲ.

ಈ ವರ್ಷ ಆಫೀಸಿಗೆ ಹೊಸ ಮ್ಯಾನೇಜರು ಬಂದರು. ನನ್ನ ಅರ್ಧ ವಯಸ್ಸು. ಬಂದ ದಿನವೇ ಗೋಡೆಗೆ ಒಂದು ಕಾಗದ ಅಂಟಿಸಿದರು: "ಪುಸ್ತಕದಲ್ಲಿ ಸಹಿ ಇದ್ದರೆ ತಲುಪಿದೆ. ಸಹಿ ಇಲ್ಲದಿದ್ದರೆ ತಲುಪಿಲ್ಲ. ಬೇರೆ ಮಾತಿಲ್ಲ." ಭಾವನಿಗೆ ಆ ಮನುಷ್ಯ ಬಹಳ ಹಿಡಿಸಿದರು. ಎರಡನೇ ವಾರ ಅದೇ ಮನುಷ್ಯ ಭಾವನನ್ನು ಕರೆದು, "ಐವತ್ನಾಲ್ಕಾಯ್ತು ನಿಮಗೆ. ಗುಡ್ಡಕ್ಕೆ ಇನ್ಮೇಲೆ ಬೈಕಿನವರು ಹೋಗ್ತಾರೆ. ನೀವು ಒಳಗೆ ಫ್ಯಾನಿನ ಕೆಳಗೆ ಕೂತು ಲೇಬಲ್ ಅಂಟಿಸಿ" ಎಂದರು.

"ನನಗೆ ಇನ್ನೂ ಗುಡ್ಡ ಹತ್ತಕ್ಕಾಗತ್ತೆ ಸರ್."

ಮೇಜಿನ ಮೇಲೆ ಹಂಚಲು ಬಂದಿದ್ದ ಕರಪತ್ರಗಳ ಕಟ್ಟಿತ್ತು. ಗುಡ್ಡದ ದಾರಿಯಲ್ಲಿ ನೂರೈವತ್ತು ಕಿಲೋಮೀಟರ್ ಸೈಕಲ್ ಸವಾರಿ, ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಆರರೊಳಗೆ ಮುಗಿಸಬೇಕು, ಯಾರು ಬೇಕಾದರೂ ಸೇರಬಹುದು. ಮ್ಯಾನೇಜರು ಅದರಿಂದ ಒಂದು ಎಳೆದು, "ಇದನ್ನ ಮುಗಿಸಿ ಬನ್ನಿ, ಗುಡ್ಡ ನಿಮ್ಮದೇ" ಎಂದರು. ಆಫೀಸೆಲ್ಲ ನಕ್ಕಿತು. ಭಾವ ನಗಲಿಲ್ಲ. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಆಗಲಿ ಸರ್" ಎಂದರು.

ಅಕ್ಕ ನನ್ನ ಅಂಗಡಿಗೆ ಓಡಿ ಬಂದಳು.

"ಲೋ, ನೀನಾದ್ರೂ ಬುದ್ಧಿ ಹೇಳೋ. ಮಂಡಿ ಮಡಚಿದ್ರೆ ಹಳೇ ಬಾಗಿಲ ಥರ ಕಿರ್ ಅನ್ನತ್ತೆ. ನೂರೈವತ್ತು ಕಿಲೋಮೀಟರಂತೆ!"

ನಾನು ಹೋಗಿ ಕೂಗಾಡಿದೆ. ಹುಚ್ಚು ಹಿಡಿದಿದೆಯೇ, ಆ ಮೀಸೆ ಬಾರದವನ ಮಾತಿಗೆ ಬೆಲೆ ಕೊಡುತ್ತೀರಾ, ಫ್ಯಾನಿನ ಕೆಳಗೆ ಕೂರು ಎಂದರೆ ಕೂರಲು ಏನು ಕಷ್ಟ ಎಂದೆಲ್ಲ. ಭಾವ ಚಪ್ಪಲಿಯ ಮಣ್ಣು ಕೊಡವಿದರು.

"ಒಳಗೆ ಕಿಟಕಿ ಇಲ್ಲ ಕಣಪ್ಪಾ" ಎಂದರು. ಆಮೇಲೆ, "ರಿಟೈರಾಗಕ್ಕೆ ಇನ್ನೂ ಆರು ವರ್ಷ ಇದೆ" ಎಂದರು.

ಎರಡು ಮಾತು. ನಾನು ಸೈಕಲ್ಲನ್ನು ಅಂಗಡಿಗೆ ತಳ್ಳಿಕೊಂಡು ಬಂದೆ. ಹೊಸ ಟಯರು, ಹೊಸ ಬ್ರೇಕ್ ರಬ್ಬರು ಹಾಕಿದೆ, ಬೇರಿಂಗು ತೊಳೆದು ಗ್ರೀಸು ತುಂಬಿದೆ. ಹಿಂದಿನ ಕ್ಯಾರಿಯರು, ಮುಂದಿನ ಖಾಕಿ ಚೀಲ ತೆಗೆಯಲು ಮಾತ್ರ ಬಿಡಲಿಲ್ಲ. ಚೀಲವಿಲ್ಲದಿದ್ದರೆ ಹ್ಯಾಂಡಲ್ಲು ಅಲ್ಲಾಡುತ್ತದಂತೆ.

ಸವಾರಿ ಹೊರಡುವುದು ಒಂದು ಶಾಲೆಯ ಮೈದಾನದಿಂದ. ಸೇರಿದ ನೂರಿಪ್ಪತ್ತು ಜನರಲ್ಲಿ ಮುಕ್ಕಾಲು ಪಾಲು ಹಳಬರು, ಇಂಥವು ಹತ್ತು ಮುಗಿಸಿದವರು. ಮೈಗಂಟಿದ ಬಟ್ಟೆ, ಬೆರಳಲ್ಲಿ ಎತ್ತಬಹುದಾದ ಸೈಕಲ್ಲು. ಭಾವ ಆಫೀಸಿನ ಷರಟು ಹಾಕಿಕೊಂಡು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿ ನಿಂತಿದ್ದರು. ಮೇಜಿನ ಹಿಂದಿದ್ದ ಹುಡುಗಿ ಎಲ್ಲರಿಗೂ ಕೊಟ್ಟ ಹಾಗೆ ಅವರಿಗೂ ಬಾಯಿ ಅಂಟಿಸಿದ ಒಂದು ಪ್ಲಾಸ್ಟಿಕ್ ಕವರು ಕೊಟ್ಟು, "ಭದ್ರವಾಗಿಟ್ಕೊಳ್ಳಿ ಅಂಕಲ್. ವಾಪಸ್ ಬಂದಾಗ ಇದೇ ಟೇಬಲ್‌ಗೆ ಕೊಡಬೇಕು" ಎಂದಳು. ಭಾವ ಕವರನ್ನು ತಿರುಗಿಸಿ ನೋಡಿದರು. ನಂಬರಿತ್ತು. "ಕೊಡ್ತೀನಮ್ಮ" ಎಂದು ಖಾಕಿ ಚೀಲದ ತಳಕ್ಕೆ ಇಟ್ಟರು. ನಾನು ಆಗ ಸ್ಕೂಟರು ನಿಲ್ಲಿಸುವ ವಿಷಯಕ್ಕೆ ಕಾವಲುಗಾರನ ಜೊತೆ ಜಗಳವಾಡುತ್ತಿದ್ದೆ.

ಭಾವನ ಸವಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಮದಾರಿಯಲ್ಲಿ ತುಳಿದರು. ಏರು ಬಂದರೆ ಇಳಿದು ತಳ್ಳಿಕೊಂಡು ನಡೆದರು. ಇಪ್ಪತ್ತಾರು ವರ್ಷ ಹಾಗೆಯೇ ಹತ್ತಿದವರು, ನಡಿಗೆಯಲ್ಲಿ ಅವರನ್ನು ಸೋಲಿಸುವುದು ಕಷ್ಟ. ಪಕ್ಕದಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದವರು ಇವರಿಗಿಂತ ನಾಲ್ಕು ಮಾರು ಮುಂದೆ ಹೋಗಿ, ಕೂತು, ಮತ್ತೆ ಹಿಂದೆ ಬೀಳುತ್ತಿದ್ದರಂತೆ.

ದಾರಿಯಲ್ಲಿ ನಾಲ್ಕು ಚೆಕ್‌ಪೋಸ್ಟು. ಮೂರನೆಯದು ಗುಡ್ಡದ ನೆತ್ತಿಯಲ್ಲಿ, ಎರಡು ಗಂಟೆಗೆ ಮುಚ್ಚುವುದು. ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಾನು ಅಲ್ಲಿ ಹನ್ನೆರಡರಿಂದ ಕಾದಿದ್ದೆ. ಒಂದೂವರೆ ಆಯಿತು, ಒಂದೂ ಮುಕ್ಕಾಲಾಯಿತು. ಎರಡಕ್ಕೆ ಆರು ನಿಮಿಷವಿದ್ದಾಗ ತಿರುವಿನಲ್ಲಿ ಖಾಕಿ ಚೀಲ ಕಂಡಿತು, ಅದರ ಹಿಂದೆ ಭಾವ, ನಡೆದುಕೊಂಡು. ಷರಟು ಬೆನ್ನಿಗೆ ಅಂಟಿತ್ತು.

"ರೀ, ಸಾಕು ಬನ್ನಿ, ಸ್ಕೂಟರಿಗೆ ಕಟ್ಕೊಂಡು ಹೋಗಿಬಿಡೋಣ" ಎಂದಳು ಅಕ್ಕ.

"ಯಾರನ್ನ? ನನ್ನನ್ನಾ, ಸೈಕಲ್ಲನ್ನಾ?" ಎಂದು ಕೇಳಿ ಭಾವ ಮೇಜಿನ ಹತ್ತಿರ ಹೋದರು. ಚೀಲದಿಂದ ತಮ್ಮ ಡೆಲಿವರಿ ಪುಸ್ತಕ ತೆಗೆದು, ಗೆರೆ ಎಳೆದಿಟ್ಟಿದ್ದ ಪುಟ ಬಿಚ್ಚಿ, ಪೆನ್ನಿನ ಸಮೇತ ಮುಂದಿಟ್ಟರು. "ಇಲ್ಲಿ ಸೈನ್ ಹಾಕಿ, ಪಕ್ಕದಲ್ಲಿ ಟೈಮ್ ಬರೀರಿ. ಸೀಲ್ ಇದ್ರೆ ಸೀಲು."

ಮೇಜಿನವನು ಪುಸ್ತಕ ನೋಡಿದ. "ಅಂಕಲ್, ಕಾರ್ಡು..." ಎಂದು ಶುರು ಮಾಡಿದ.

ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಕಾರ್ಡು? ಮುಚ್ಚಕ್ಕೆ ಐದು ನಿಮಿಷ ಇದೆ, ನೀವು ಕಥೆ ಹೇಳ್ತಾ ಕೂತಿದೀರಿ! ಮನುಷ್ಯ ಕಣ್ಮುಂದೆ ನಿಂತಿಲ್ವಾ? ಹಾಕ್ರೀ ಸೈನು!"

ಅವನು ಹಾಕಿದ. ಸೀಲೂ ಒತ್ತಿದ. ನಾನು ಭಾವನಿಗೆ ನೀರು ಕೊಟ್ಟು, ಎರಡು ಬಾಳೆಹಣ್ಣು ತಿನ್ನಿಸಿ, ದೊಡ್ಡ ಕೆಲಸ ಮಾಡಿದವನ ಹಾಗೆ ಇಳಿಜಾರಿಗೆ ತಳ್ಳಿದೆ.

ಕೊನೆಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಪಂಚರಾಯಿತು. ಭಾವ ತಾವೇ ತೇಪೆ ಹಾಕಿಕೊಂಡರು. ಮೈದಾನದ ಗೇಟು ದಾಟಿದಾಗ ಆರಕ್ಕೆ ಎಂಟು ನಿಮಿಷ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣಿಗೆ ಧೂಳು ಬಿತ್ತು.

ಮೇಜಿನಲ್ಲಿ ಈಗ ಒಬ್ಬ ಹಿರಿಯರಿದ್ದರು, ಎರಡು ಕೈಗೂ ಗಡಿಯಾರ ಕಟ್ಟಿಕೊಂಡವರು. ಭಾವ ಚೀಲದ ತಳದಿಂದ ಕವರು ತೆಗೆದು, ಷರಟಿಗೆ ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

"ನೋಡ್ಕೊಳ್ಳಿ. ಒಂದು ಹನಿ ನೀರು ತಾಗಿಲ್ಲ. ಒಡೆದೂ ಇಲ್ಲ."

ಗಡಿಯಾರದ ಯಜಮಾನರು ಕತ್ತರಿಯಿಂದ ಕವರು ಕತ್ತರಿಸಿ ಒಳಗಿನ ಕಾರ್ಡು ಹೊರಗೆಳೆದರು. ಅದರಲ್ಲಿ ನಾಲ್ಕು ಖಾಲಿ ಚೌಕ. ಮೇಲೆ ದಪ್ಪಕ್ಷರದಲ್ಲಿ, "ಪ್ರತಿ ಚೆಕ್‌ಪೋಸ್ಟಿನಲ್ಲಿ ಇದರ ಮೇಲೆ ಮುದ್ರೆ ಹಾಕಿಸಿಕೊಳ್ಳತಕ್ಕದ್ದು. ಮುದ್ರೆಯಿಲ್ಲದ ಕಾರ್ಡು ಪರಿಗಣಿಸಲಾಗುವುದಿಲ್ಲ."

"ಕಾರ್ಡು ಖಾಲಿ ಇದೆಯಲ್ಲ" ಎಂದರು.

"ಅದು ನಿಮ್ಮ ಕವರು. ನಾನು ಹ್ಯಾಗೆ ಒಡೀಲಿ?" ಎಂದರು ಭಾವ.

ಭಾವ ಪುಸ್ತಕ ತೋರಿಸಿದರು. ನಾಲ್ಕು ಸೈನು, ನಾಲ್ಕು ಸೀಲು, ನಾಲ್ಕು ಟೈಮು. ಯಜಮಾನರು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ಸವಾರಿ ಮಾಡಿದ್ದು ನಿಜ, ಸಮಯವೂ ಸರಿ, ಆದರೆ ತಾವು ಮೇಲಿನವರಿಗೆ ಕಳಿಸಬೇಕಾದದ್ದು ಕಾರ್ಡು, ಈ ಪುಸ್ತಕವನ್ನಲ್ಲ ಎಂದರು. ಪಟ್ಟಿಯಲ್ಲಿ ಭಾವನ ಹೆಸರಿನ ಮುಂದೆ "ಮುಗಿಸಿಲ್ಲ" ಎಂದು ಬರೆದರು.

ನಾನು ಮೇಜಿಗೆ ಗುದ್ದಿದೆ. ಮಡಚುವ ಮೇಜು, ಒಂದು ಕಾಲು ಮುರಿದು ಪದಕಗಳ ಡಬ್ಬಿ ನೆಲಕ್ಕೆ ಬಿತ್ತು. ಏನೇನು ಅಂದೆನೋ ಇಲ್ಲಿ ಬರೆಯುವಂತಿಲ್ಲ. ಅಂದದ್ದೆಲ್ಲ ಮುಗಿದ ಮೇಲೆ, ಕಾರ್ಡು ಎಂದು ಬಾಯಿಬಿಟ್ಟ ಆ ಒಬ್ಬನನ್ನು ಗುಡ್ಡದ ಮೇಲೆ ಗದರಿ ಬಾಯಿ ಮುಚ್ಚಿಸಿದವನು ನಾನೇ ಎಂದು ನೆನಪಾಯಿತು. ಕೂತು ಪದಕಗಳನ್ನು ಆರಿಸಿದೆ.

ಭಾವ ಮಾತ್ರ, "ಅವರ ರೂಲು ಅವರಿಗೆ" ಎಂದರು. ಪುಸ್ತಕವನ್ನು ಮತ್ತೆ ಮುಂದಿಟ್ಟರು. "ಕವರು ಮುಟ್ಟಿತು ಅಂತ ಇಲ್ಲೊಂದು ಸೈನ್ ಹಾಕಿ ಯಜಮಾನ್ರೇ."

ಅವರು ಎಡಗೈ ಗಡಿಯಾರ ನೋಡಿದರು, ಬಲಗೈ ಗಡಿಯಾರ ನೋಡಿದರು, ಭಾವ ಬಂದ ಹೊತ್ತು ಐದು ಐವತ್ತೆರಡು ಎಂದು ಪಟ್ಟಿಯಿಂದ ನಕಲು ಮಾಡಿ ಸೈನು ಹಾಕಿದರು.

ಸೋಮವಾರ ನಾನೂ ಕೊರಿಯರ್ ಆಫೀಸಿಗೆ ಹೋದೆ. ಬಾಯಿ ಬಿಡುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಮ್ಯಾನೇಜರು ಪಟ್ಟಿಯನ್ನು ಆಗಲೇ ಮೊಬೈಲಿನಲ್ಲಿ ನೋಡಿದ್ದರು.

"ಮುಗಿಸಿಲ್ಲ ಅಂತ ಇದೆಯಲ್ರೀ."

ಭಾವ ಪುಸ್ತಕ ಬಿಚ್ಚಿ ಅವರ ಮುಂದಿಟ್ಟರು. ಮ್ಯಾನೇಜರು ಮೊದಲನೆಯ ಸೈನು ನೋಡಿದರು. ಎರಡನೆಯದು. ಗುಡ್ಡದ ನೆತ್ತಿಯ ಸೀಲಿನ ಮೇಲೆ ಬೆರಳಿಟ್ಟು ಟೈಮು ಓದಿದರು. ಐದನೆಯದಕ್ಕೆ ಬಂದಾಗ ಲೇಬಲ್ ಅಂಟಿಸುವವರೂ ಎದ್ದು ಬಂದಿದ್ದರು. ಯಾರೂ ನಗಲಿಲ್ಲ. ಎಲ್ಲರೂ ನೋಡುತ್ತಿದ್ದುದು ಮ್ಯಾನೇಜರನ್ನಲ್ಲ, ಅವರ ತಲೆಯ ಹಿಂದೆ ಗೋಡೆಗೆ ಅಂಟಿದ್ದ ಕಾಗದವನ್ನು. ಕಡೆಗೆ ಅವರೂ ಕತ್ತು ತಿರುಗಿಸಿ ಅದನ್ನೇ ನೋಡಿದರು.

"ಸೈನ್ ಇದೆ" ಎಂದರು.

"ಇದೆ ಸರ್" ಎಂದರು ಭಾವ.

ಮ್ಯಾನೇಜರು ಗುಡ್ಡದ ಕವರುಗಳ ಕಟ್ಟನ್ನು ಬೈಕಿನವನ ಮೇಜಿನಿಂದ ಎತ್ತಿ ಭಾವನ ಕಡೆ ಸರಿಸಿದರು. ಭಾವ ಎಣಿಸಿ ಚೀಲಕ್ಕೆ ಹಾಕಿಕೊಂಡು ಹೊರಟರು. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೇಳಿದ್ದರೆ ಮಾತು ಮೂರಾಗುತ್ತಿತ್ತು.

ಮೈದಾನದಲ್ಲಿ ನಾನು ಮುರಿದ ಮೇಜಿನ ಕಾಲನ್ನು ಬೆಸುಗೆ ಹಾಕಿಸಿ, ಗಡಿಯಾರದ ಯಜಮಾನರ ಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟುಬಂದೆ. ತಪ್ಪಾಯಿತು ಎಂದೂ ಹೇಳಿದೆ. ಅಕ್ಕನ ಮನೆಗೆ ಬಂದಾಗ ಭಾವ ಕೇಳಿದರು, "ಸೈನ್ ಹಾಕಿಸ್ಕೊಂಡ್ಯಾ?"

ಇಲ್ಲ ಎಂದೆ.

"ಹಾಗಾದ್ರೆ ತಲುಪಿಲ್ಲ ಬಿಡು" ಎಂದರು.