ಟೀವಿಯಲ್ಲಿ ಸತ್ತವನ ಹೆಂಡತಿ

ಮಾದನಹಿಪ್ಪರಗಾದ ಹೀರಾಬಾಯಿ ಮುತ್ತೈದೆಯೋ ವಿಧವೆಯೋ ಎಂದು ಕೇಳಿದರೆ ಊರಿನವರು ಇವತ್ತಿಗೂ ತಡವರಿಸುತ್ತಾರೆ. ಆಕೆಯ ಹಣೆ ಬರಿದು, ಕೈ ಬರಿದು. ಆದರೆ ಗಂಡನ ವರ್ಷದ ಪೂಜೆ ಮಾಡೋಣವೆಂದು ಮಾವ ಹೇಳಿದ ದಿನ ಒಲೆಗೆ ಬೆಂಕಿಯನ್ನೇ ಹಚ್ಚದೆ ಕೂತ ಹೆಂಗಸು ಆಕೆ. ಗಂಡ ಬದುಕಿದ್ದಾನೆಂದು ಅವಳಿಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಸಾಯಿಸಿಟ್ಟುಕೊಂಡಿದ್ದರು. ಎಲ್ಲ ಆ ಟೀವಿಯಿಂದ ಆದದ್ದು ಎನ್ನುತ್ತಾರೆ ಜನ. ಡಬ್ಬಿಯ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ.

ಗಂಡ ದತ್ತಪ್ಪ ಆಟದ ಹುಚ್ಚಿನವನು. ಊರ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಬಂದರೆ ಅವನೇ ಬೇಕು. ಅದರಲ್ಲೂ ಸಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎದೆ ಹಿಡಿದುಕೊಂಡು, ಮೊಣಕಾಲೂರಿ, ಎಡಕ್ಕೆ ವಾಲಿ ಅವನು ಬೀಳುತ್ತಿದ್ದರೆ ಹೆಂಗಸರು ಹಾಲು ಕುಡಿಯುವ ಕೂಸನ್ನು ಮರೆತು ನೋಡುತ್ತಿದ್ದರು. ಅಪ್ಪ ಗುರಣ್ಣನಿಗೆ ಮಾತ್ರ ಅದು ಮರ್ಯಾದೆಯ ಪ್ರಶ್ನೆ. ಲಿಂಗ ಕಟ್ಟಿಕೊಂಡ ಮನೆತನದಲ್ಲಿ ಹುಟ್ಟಿ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾನೆಂದು ಮೂರು ಹೊತ್ತೂ ಅದೇ ಜಗಳ. ಕಡೆಗೆ ಒಂದು ದಿನ ಕೊರಳ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ. ದತ್ತಪ್ಪ ಆಣೆ ಮಾಡಿ ಮುಂಬೈ ಕಡೆ ಹೋದ. ಭಿವಂಡಿಯಲ್ಲಿ ಮಗ್ಗದ ಕಾರಖಾನೆ ಎಂದು ಹೇಳಿದ. ಮನೆಯವರು ನಂಬಿದರು.

ತೊಂಬತ್ತೆಂಟರ ಹೊತ್ತಿಗೆ ಊರಿನಲ್ಲಿ ದೌಲತರಾಯರ ಮನೆಯ ಮಾಳಿಗೆಯ ಮೇಲೆ ಡಿಶ್ ಬಂತು. ಸಂಜೆಯಾದರೆ ಅವರ ಪಡಸಾಲೆ ತುಂಬ ಜನ. ಆಗ ಹಿಂದಿಯಲ್ಲಿ ಒಂದು ಕಾರ್ಯಕ್ರಮ ಬರುತ್ತಿತ್ತು. ಖೂನಿ ಮಾಡಿ ತಲೆಮರೆಸಿಕೊಂಡವರ ಕಥೆ ತೋರಿಸಿ, ಕೊನೆಗೆ ಫೋಟೋ ಹಾಕಿ, ಇವನನ್ನು ಕಂಡವರು ಪೊಲೀಸರಿಗೆ ತಿಳಿಸಿ ಎನ್ನುವುದು. ನೋಡುವವರಿಗೆ ಅದು ಆಟವೆಂದು ಅನ್ನಿಸುತ್ತಲೇ ಇರಲಿಲ್ಲ. ಜೀಪು, ಬಂದೂಕು, ಖಾಕಿ ಬಟ್ಟೆ, ಎಲ್ಲ ನಿಜದ ಹಾಗೇ ಇರುತ್ತಿತ್ತು. ಮರುದಿನ ಸಂತೆಗೆ ಹೊಸ ಮುಖ ಬಂದರೆ ಸಾಕು, ಗಡ್ಡ ನೋಡಿ ಅನುಮಾನ ಪಡುತ್ತಿದ್ದರು.

ಒಂದು ಸಂಜೆ ಕರೆಂಟು ಹೋಗಿ, ಕಾರ್ಯಕ್ರಮ ಅರ್ಧ ಮುಗಿದ ಮೇಲೆ ಬಂತು. ಪರದೆ ಬೆಳಗಿದಾಗ ಒಂದು ಗಲ್ಲಿ, ಇಬ್ಬರು ಓಡುತ್ತಿದ್ದಾರೆ, ಹಿಂದೆ ಪೊಲೀಸರು. ಒಬ್ಬ ಗೋಡೆ ಹಾರಿ ಪಾರಾದ. ಇನ್ನೊಬ್ಬ ತಿರುಗಿ ನಿಂತ. ಅವನು ದತ್ತಪ್ಪ. ಗುಂಡು ತಗುಲಿತು. ಎದೆ ಹಿಡಿದುಕೊಂಡ, ಮೊಣಕಾಲೂರಿದ, ಎಡಕ್ಕೆ ವಾಲಿ ಬಿದ್ದ. ಬಾಯಿಂದ ರಕ್ತ ಬಂತು. ಪೊಲೀಸನೊಬ್ಬ ಬೂಟುಗಾಲಿನಿಂದ ಅವನ ಮುಖ ಇತ್ತ ಹೊರಳಿಸಿದ. ಪಡಸಾಲೆಯ ಹಿಂದಿನ ಸಾಲಿನಲ್ಲಿ ಮಗಳು ಶಿವಕಾಂತಾಳ ಪಕ್ಕ ಕೂತಿದ್ದ ಹೀರಾಬಾಯಿ ಕೂಗಿಕೊಂಡ ಕೂಗು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ಟೀವಿಯವರು ಸತ್ತವನಿಗೆ ಬೇರೆ ಏನೋ ಹೆಸರು ಹೇಳಿದರು. ಆ ಧಂದೆಯವರು ಹೆಸರು ಬದಲಿಸಿಕೊಳ್ಳುತ್ತಾರೆ ಎಂದು ಯಾರೋ ಅಂದರು, ಉಳಿದವರು ತಲೆಯಾಡಿಸಿದರು. ಅವನು ಮನೆಗೆ ಬಂದು ವರ್ಷದ ಮೇಲಾಗಿತ್ತು. ಭಿವಂಡಿಯ ವಿಳಾಸ ಯಾರ ಬಳಿಯೂ ಇರಲಿಲ್ಲ. ಒಂದಕ್ಕೊಂದು ಕೂಡಿಸುತ್ತ ಹೋದರೆ ಎಲ್ಲವೂ ಸರಿಯಾಗಿಯೇ ಕೂಡುತ್ತಿತ್ತು.

ಒಬ್ಬನೇ ಒಬ್ಬ ಅಡ್ಡ ಮಾತಾಡಿದ. ರೇಡಿಯೋ ರಿಪೇರಿಯ ಸಲಾವುದ್ದೀನ.

"ಗುರಣ್ಣ ಕಾಕಾ, ಸ್ವಲ್ಪ ದಿಮಾಗ್ ಓಡಸ್ರಿ. ಪೊಲೀಸ್ರು ಗುಂಡು ಹೊಡ್ಯೋ ಮುಂದ ಕ್ಯಾಮೆರಾದಾವ ಎಲ್ಲಿ ನಿಂತಿದ್ದ? ಮಾರಿ ಮುಂದ ನಿಂತಾನ, ಬಾಜೂಕ ನಿಂತಾನ, ಗ್ವಾಡಿ ಮ್ಯಾಲೂ ನಿಂತಾನ. ಅವಗ ಗುಂಡು ಬಡಿಯಂಗಿಲ್ಲೇನು? ನಾಟಕರಿ ಅದು, ನಾಟಕ."

"ನಾಟಕ ಆಡಂಗಿಲ್ಲ ಅಂತ ಲಿಂಗ ಮುಟ್ಟಿ ಆಣಿ ಮಾಡ್ಯಾನ ನನ್ನ ಮಗ," ಎಂದ ಗುರಣ್ಣ. ಮಗ ಖೂನಿ ಮಾಡಿರಬಹುದು, ಆಣೆ ಮಾತ್ರ ಮುರಿದಿರಲಾರ ಎಂದು ಆ ಮುದುಕ ನಂಬಿದ. ಇಂಥ ನಂಬಿಕೆಗೆ ಏನೆನ್ನಬೇಕು? ನಗಬೇಕೆನಿಸುತ್ತದೆ, ನಗು ಬರುವುದಿಲ್ಲ.

ಆಳಂದದ ಠಾಣೆಗೆ ಹೋಗಿ ವಿಚಾರಿಸಿದ್ದರೆ ಅರ್ಧ ದಿನದ ಕೆಲಸ. ಯಾರೂ ಹೋಗಲಿಲ್ಲ. ಶಿವಕಾಂತಾಳನ್ನು ಅಫಜಲಪುರದ ಶಿವರಾಯರ ಮಗನಿಗೆ ಮಾತಾಡಿ ಆಗಿತ್ತು. ಶಿವರಾಯರು ಒಳ್ಳೆಯ ಜನ, ಆದರೆ ಮಾತಿನಲ್ಲಿ ಬಲು ಖಡಕ್ಕು. ಹಿಂದೆ ಒಂದು ಸಂಬಂಧದಲ್ಲಿ ಹೆಣ್ಣಿನ ವಯಸ್ಸು ಮುಚ್ಚಿಟ್ಟರೆಂದು ನಿಶ್ಚಯದ ದಿನವೇ ಎದ್ದು ಬಂದವರು. ಪೊಲೀಸರು ಮನೆ ಬಾಗಿಲಿಗೆ ಬಂದರೆ ಈ ಸಂಬಂಧ ಉಳಿಯುತ್ತಿರಲಿಲ್ಲ. ಅದಕ್ಕೆ ಗುರಣ್ಣ ಒಂದು ದಾರಿ ಹುಡುಕಿದ. ಮಗ ಭಿವಂಡಿಯಲ್ಲಿ ಮಗ್ಗದ ಮಶೀನಿಗೆ ಸಿಕ್ಕು ಸತ್ತ, ಮಣ್ಣೂ ಅಲ್ಲೇ ಆಯಿತು ಎಂದು ಬೀಗರಿಗೆ ಹೇಳಿಸಿದ. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕೆಂಬ ಪದ್ಧತಿಯೂ ಅನುಕೂಲಕ್ಕೆ ಬಂತು.

ಸತ್ತನೆಂದು ಹೇಳಿದ ಮೇಲೆ ಹೆಂಡತಿ ಬಳೆ ಹಾಕಿಕೊಂಡು ಓಡಾಡುವುದು ಹೇಗೆ? ಹೀರಾಬಾಯಿ ಸ್ವಲ್ಪ ದಿನ ತಡೆಯಿರಿ ಎಂದಳು. "ಮಾವಾರ, ಆ ಸಲಾವುದ್ದೀನ ಹೇಳೋದು ಖರೆ ಇದ್ದೀತು. ಅವ್ನ ಒಮ್ಮಿ ಮುಂಬೈ ಕಡಿ ಹೋಗಿ ನೋಡಿ ಬರ್ಲಿ." ಗುರಣ್ಣ ಸಿಟ್ಟಾಗಲಿಲ್ಲ. ಮೊಮ್ಮಗಳ ಕಡೆ ತೋರಿಸಿ, "ಆಕಿ ಮಾರಿ ನೋಡಿ ನೀನ ಹೇಳವ್ವ," ಎಂದ. ಹೀರಾಬಾಯಿ ಮಗಳ ಮುಖ ನೋಡಿದಳು. ಆಮೇಲೆ ತಾನೇ ಕೈ ಮುಂದೆ ಚಾಚಿದಳು. ಸೂತಕವೇ ಇಲ್ಲವೆಂದು ಶರಣರು ಹೇಳಿಹೋದ ನಾಡಿನಲ್ಲಿ ಹೆಂಗಸಿನ ಬಳೆ ಒಡೆಯುವುದಕ್ಕೆ ಜನ ಸಿಗದೆ ಇರಲಿಲ್ಲ.

ಮದುವೆಗೆ ವಾರವೂ ಇರಲಿಲ್ಲ. ಬೀಗರು ಜವಳಿ ತರುವ ದಿನ. ಬೆಳಗಿನ ಆಳಂದದ ಬಸ್ಸಿನಿಂದ ದತ್ತಪ್ಪ ಇಳಿದ. ಹೊಸ ಅಂಗಿ, ಕೈಯಲ್ಲಿ ಒಂದು ಬ್ಯಾಗು. ಕಂಡವರು ದಾರಿ ಬಿಟ್ಟು ಸರಿದರೆ ಅವನು ನಗುತ್ತಲೇ ಮನೆಗೆ ಬಂದ. ಗುರಣ್ಣ ಅವನನ್ನು ಮುಟ್ಟಿ ನೋಡಿದ, ಮತ್ತೆ ಮುಟ್ಟಿ ನೋಡಿದ, ಅಪ್ಪಿಕೊಂಡು ಗೊಳೋ ಎಂದು ಅತ್ತ. ಅಳುತ್ತಲೇ ಆದದ್ದೆಲ್ಲ ಹೇಳಿದ. ದತ್ತಪ್ಪ ಕೇಳಿ ಬಿದ್ದು ಬಿದ್ದು ನಕ್ಕ.

"ಖರೇ ಅಂತ ತಿಳದ್ರಿ? ಊರಿಗೂರ ನಂಬ್ತಂದ್ರ ಎಷ್ಟು ಚಲೋ ಸತ್ತೇನಿ ಅನ್ರಿ! ಕಡೀಕ ತೋರಸ್ತಾರಲ್ಲ, ಆ ಫೋಟೋ ಒಂದ ಖರೆ ಅಪ್ಪಾ. ಪೊಲೀಸ್ರೂ ನಮ್ಮಂಥಾವ್ರೇ, ಬಾಡಿಗಿ ಬಟ್ಟಿ. ರಕ್ತ ಅಂದ್ರ ಬಣ್ಣದ ನೀರು. ಡೈರೆಕ್ಟರ್ ಮತ್ತ ಮತ್ತ ಬೀಳಸ್ದ ನನ್ನ. ಆಣಿ ಮುರದೇನಿ, ತಪ್ಪಾತು. ಬಯ್ಯಿರಿ, ಹೊಡೀರಿ, ಆದ್ರ ಈಗ ನಾಕು ಮಂದಿ ಗುರ್ತಾ ಹಿಡೀತಾರ ನನ್ನ..."

ಅಷ್ಟರಲ್ಲಿ ಹೀರಾಬಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವನು ಅವಳ ಹಣೆ ನೋಡಿದ, ಕೈ ನೋಡಿದ. ನಗು ಅಲ್ಲಿಗೇ ನಿಂತಿತು.

"ಹೀರಾ, ಅದು ಆಟ ಬೇ," ಎಂದ ಮೆಲ್ಲಗೆ.

"ನೀವು ಸತ್ತದ್ದು ಆಟ ಇದ್ದೀತ್ರಿ. ನಾ ಅತ್ತದ್ದು ಆಟ ಅಲ್ಲ."

ಅವಳಿಗೆ ಅವನನ್ನು ಬಯ್ಯಬೇಕಿತ್ತು, ಹಿಡಿದುಕೊಳ್ಳಬೇಕಿತ್ತು, ಅವನ ಕೈಯಿಂದಲೇ ಕುಂಕುಮ ಹಚ್ಚಿಸಿಕೊಳ್ಳಬೇಕಿತ್ತು. ಒಂದಕ್ಕೂ ಪುರುಸೊತ್ತಾಗಲಿಲ್ಲ. ಅಂಗಳದಲ್ಲಿ ಜೀಪು ನಿಂತ ಸದ್ದು ಕೇಳಿಸಿತು. ಹೊತ್ತಿಗೆ ಮುಂಚೆಯೇ ಬೀಗರು ಬಂದಿದ್ದರು.

ಶಿವರಾಯರು ಜವಳಿಯ ಗಂಟು ಹಿಡಿದು ಒಳಗೆ ಬಂದರು. ದತ್ತಪ್ಪನನ್ನು ಅವರು ಹಿಂದೆ ಕಂಡವರಲ್ಲ. ಹೊಸಬನನ್ನು ನೋಡಿ, "ಇವರು ಯಾರ್ರೀ?" ಎಂದರು. ಶಿವಕಾಂತಾ ಕಂಬ ಹಿಡಿದು ನಿಂತಿದ್ದಳು. ನಿಜ ಹೇಳಿದರೆ ಒಂದು ಸಾವನ್ನೇ ಸುಳ್ಳು ಹೇಳಿದ ಮನೆತನವಾಗುತ್ತಿತ್ತು. ಶಿವರಾಯರು ಜವಳಿಯ ಗಂಟನ್ನು ತಂದ ಹಾಗೇ ಒಯ್ಯುತ್ತಿದ್ದರು.

ಹೀರಾಬಾಯಿಯೇ ಬಾಯಿಬಿಟ್ಟಳು. "ಇವರು ನಮ್ಮ ಮನ್ಯಾಗಿನವರ ಜೋಡಿ ಭಿವಂಡಿದಾಗ ಇದ್ದವರ್ರಿ. ಮಾತಾಡ್ಸಿ ಹೋಗಾಕ ಬಂದಾರ."

ಅವಳು ಇದನ್ನು ಹೇಳಿದ್ದು ಅವನ ಮುಖ ನೋಡಿಕೊಂಡೇ. ದತ್ತಪ್ಪ ಒಂದು ಕ್ಷಣ ಹೆಂಡತಿಯನ್ನು ನೋಡಿದ. ಮಗಳನ್ನು ನೋಡಿದ. ಆಮೇಲೆ ಶಿವರಾಯರಿಗೆ ಕೈ ಮುಗಿದ.

"ಹೌದ್ರಿ. ಒಂದ ಖೋಲಿದಾಗ ಇರ್ತಿದ್ವಿ."

"ಅವರು ಹೋಗೋ ಮುಂದ ನೀವು ಇದ್ರೇನ್ರಿ?"

"ಇದ್ದೆರಿ."

ಹೇಗಾಯಿತೆಂದು ಶಿವರಾಯರು ಕೇಳಿದರು. ದತ್ತಪ್ಪ ಹೇಳಿದ. ಮಗ್ಗದ ಪಟ್ಟಾ ಅಂಗಿಯ ತೋಳು ಎಳೆದದ್ದು, ದವಾಖಾನೆಗೆ ಒಯ್ಯುವಾಗ ರಿಕ್ಷಾದಲ್ಲಿ ತಲೆ ತನ್ನ ತೊಡೆಯ ಮೇಲಿದ್ದದ್ದು. ಎದೆ ಹಿಡಿದುಕೊಳ್ಳಲಿಲ್ಲ, ದನಿ ಏರಿಸಲಿಲ್ಲ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಕಡೀಕ ಒಂದ ಮಾತು ಹೇಳಿದ್ರು. ನನ್ನ ಹೆಂಡತಿಗಿ ಹೇಳು, ಆಕಿಗಿ ಒಂದ ದಿನಾನೂ ಸುಖ ಕೊಡಲಿಲ್ಲ ನಾ, ತಪ್ಪಾತು ಅಂತ ಹೇಳು, ಅಂದ್ರು. ಮಗಳ ಮದುವಿ ನೋಡಬೇಕಿತ್ತು ಅಂದ್ರು."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನು ಹೆಂಡತಿಗೆ ತಪ್ಪಾಯಿತೆಂದು ಹೇಳಿದವನಲ್ಲ. ಹೀರಾಬಾಯಿ ಸೆರಗು ಬಾಯಿಗೊತ್ತಿ ನೆಲಕ್ಕೆ ಕುಸಿದಳು. ಟೀವಿಯ ಮುಂದೆ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಶಿವರಾಯರೂ ಕಣ್ಣೊರೆಸಿಕೊಂಡು, ಸತ್ತವರ ಕಡೆಯಿಂದ ನೀವೊಬ್ಬರಾದರೂ ಮದುವೆಗೆ ಇರಿ ಎಂದು ಬೇಡಿಕೊಂಡರು. ಕೆಲಸವಿದೆ ಎಂದು ಅವನು ಎದ್ದ. ಶಿವಕಾಂತಾ ಬಂದು ಕಾಲಿಗೆ ಬಿದ್ದಳು, ಏಳಲೇ ಇಲ್ಲ. ಅಜ್ಜ ಬಂದು ಎಬ್ಬಿಸಬೇಕಾಯಿತು.

ಮದುವೆ ಸುಸೂತ್ರವಾಯಿತು. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು. ಹೆಣ್ಣುಮಗಳ ಬಾಳು ಕೆಡಿಸಿದ ಪಾಪ ಯಾರಿಗೂ ಬೇಕಿರಲಿಲ್ಲ.

ಮುಂದಿನ ವರ್ಷ ಶಿವಕಾಂತಾ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಸಲಾವುದ್ದೀನ ಸೊಲ್ಲಾಪುರಕ್ಕೆ ಸಾಮಾನು ತರಲು ಹೋದವನು ದತ್ತಪ್ಪನನ್ನು ಕಂಡು ಬಂದ. ಆಟ ಬಿಟ್ಟಿದ್ದಾನೆ, ಒಂದು ಚಾದರದ ಅಂಗಡಿಯಲ್ಲಿದ್ದಾನೆ, ನೀನು ಬಾ ಅಂದ ದಿನ ಬರುತ್ತಾನೆ ಎಂದ. ಹೀರಾಬಾಯಿ ನಿರ್ಧಾರ ಮಾಡಿದಳು. ತೊಟ್ಟಿಲಿಗೆ ಹಾಕುವ ದಿನ ಶಿವರಾಯರು ಬರುತ್ತಾರೆ. ಕೂಸು ಕೈಯಲ್ಲಿರುವಾಗ ಅವರ ಸಿಟ್ಟು ಎಷ್ಟು ಹೊತ್ತು ನಿಂತೀತು? ಕಾಲು ಹಿಡಿದು ಎಲ್ಲ ಹೇಳಿಬಿಡುವುದು, ಗಂಡನನ್ನು ಕರೆಸಿಕೊಳ್ಳುವುದು. ಎಷ್ಟೋ ದಿನಗಳ ಮೇಲೆ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡಳು.

ಆ ದಿನ ಮನೆ ತುಂಬ ಹೆಂಗಸರು. ಗುರಣ್ಣ ಪಡಸಾಲೆಯಲ್ಲಿ ಕೂತಿದ್ದ. ಹೀರಾಬಾಯಿ ಧೈರ್ಯ ಮಾಡಿ, "ಬೀಗ್ರ, ಒಂದ ಮಾತು ಹೇಳೋದದರಿ," ಎಂದಳು.

"ಮೊದಲ ನನ್ನ ಮಾತು ಕೇಳ್ರಿ," ಎಂದರು ಶಿವರಾಯರು. ಅವರ ಮುಖದಲ್ಲಿ ಪ್ರೀತಿ ತುಂಬಿತ್ತು. "ನಮ್ಮ ಅಪ್ಪನ ಹೆಸರ ಇಡಬೇಕಂತ ಮನ್ಯಾಗ ಎಲ್ಲಾರೂ ಅಂದ್ರು. ನಾ ಒಲ್ಲೆ ಅಂದೆ. ಮಗಳ ಮದುವಿ ನೋಡಬೇಕು ಅಂತ ಜೀವ ಬಿಟ್ಟವರ್ರಿ ಅವರು. ಅವರ ಹೆಸರ ಇಡೋಣು."

ಆ ಕಡೆ ಸತ್ತ ಹಿರಿಯರ ಹೆಸರು ಕೂಸಿಗೆ ಇಡುತ್ತಾರೆ. ಬದುಕಿದ್ದವರ ಹೆಸರು ಯಾರೂ ಇಡುವುದಿಲ್ಲ, ಇಟ್ಟರೆ ಆಯುಷ್ಯಕ್ಕೆ ಕೆಡುಕು. ಶಿವರಾಯರ ಹೆಂಡತಿ ಆಗಲೇ ಕೂಸನ್ನೆತ್ತಿ ಹೀರಾಬಾಯಿಯ ಮಡಿಲಿಗೆ ಹಾಕಿದ್ದಳು. ಊರ ಹೆಂಗಸರು ನೆಲ ನೋಡುತ್ತ ಕೂತರು. ಗುರಣ್ಣ ಎದ್ದು ಹೊರಗೆ ಹೋದ. ಶಿವಕಾಂತಾ ತಾಯಿಯ ಕಡೆಗೇ ನೋಡುತ್ತಿದ್ದಳು, ಹೇಳು ಎಂದೋ ಬೇಡ ಎಂದೋ ತಿಳಿಯಲಿಲ್ಲ.

ಹೀರಾಬಾಯಿ ಬಾಯಿ ತೆರೆದಳು. ಆಮೇಲೆ ಕೂಸಿನ ಕುಲಾವಿ ಸರಿಸಿ ಕಿವಿ ಬಿಡಿಸಿದಳು.

ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಗಟ್ಟಿಯಾಗಿ ಕೂಗಿದರು, ದತ್ತಪ್ಪ, ದತ್ತಪ್ಪ, ದತ್ತಪ್ಪ. ಹೀರಾಬಾಯಿಯ ಕಣ್ಣೀರು ಕೂಸಿನ ಹೊಟ್ಟೆಯ ಮೇಲೆ ಬೀಳತೊಡಗಿತು.

"ಅಳಬ್ಯಾಡ್ರಿ," ಎಂದು ಬೀಗತಿ ಅವಳ ಬೆನ್ನು ಸವರಿದಳು. "ನೋಡ್ರಿಲ್ಲಿ, ಅವರ ಹೊಳ್ಳಿ ಬಂದಾರ."

ಹೌದ್ರಿ ಎಂದು ಹೀರಾಬಾಯಿ ತಲೆಯಾಡಿಸಿದಳು. ಸೊಲ್ಲಾಪುರಕ್ಕೆ ಅವಳು ಹೇಳಿಕಳಿಸಲಿಲ್ಲ.