ಮೊಳೆಗೆ ತೂಗಿದ ಚಪರಾಸಿ

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಶಹಾಪುರದ ಕಾಲುವೆ ಕಚೇರಿಗೆ ಹೋದೆ. ನಮ್ಮೂರ ಶೇಂಗಾ ನೀರಿಲ್ಲದೆ ಒಣಗುತ್ತಿತ್ತು. ಚಪರಾಸಿ ಇರಲಿಲ್ಲ, ಅವನ ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ ಬಾಗಿಲ ಮೊಳೆಗೆ ತೂಗುತ್ತಿದ್ದವು. ನೀರಿನ ದೂರು ತಂದ ಏಳೆಂಟು ರೈತರು ಬಿಲ್ಲೆಗೇ ಕೈಮುಗಿದು ಹೊರಗೆ ಕೂತಿದ್ದರು.

“ಒಳಗ ಹೋಗ್ರಿ” ಎಂದೆ.

“ಚಪರಾಸಿ ಕರೀಬೇಕಲ್ರಿ ಸರ್” ಎಂದನೊಬ್ಬ ಮುದುಕ.

ಉರ್ದು ಶಾಲೆಯಲ್ಲಿ ಕಲಿತವನು, ಸುಮ್ಮನಿರಲಾರದೆ ವಿವರಿಸಿದೆ: “ಉರ್ದುದಾಗ ಚಪರಾಸ್ ಅಂದ್ರ ಈ ಬಿಲ್ಲೇನ. ಇದನ್ನ ಹಾಕ್ಕೊಂಡಾವ ಚಪರಾಸಿ ಆದ.”

“ಹಂಗಾರ ಚಪರಾಸಿ ಮಾಲಕ ಇಲ್ಲೇ ಅದಾನಲ್ರಿ!” ಮುದುಕ ಬಿಲ್ಲೆಗೆ ಮತ್ತೊಮ್ಮೆ ಕೈಮುಗಿದ.

ನಾನೇ ಒಳಗೆ ನುಗ್ಗಿದೆ. ಸಾಹೇಬರು ವರದಿ ಬರೆಯುತ್ತಿದ್ದರು: ‘ದೂರು ತಂದವರಿಲ್ಲ, ನೀರು ಸಾಕಷ್ಟಿದೆ.’ ಕಿಟಕಿ ತೆರೆದು ಹೊರಗಿನವರನ್ನು ತೋರಿಸಿದೆ. ಸಂಜೆಗೆ ನೀರು ಬಂತು.

ಶೇಂಗಾ ಉಳಿಯಿತು. ಮರುದಿನ ರೈತರು ನನ್ನನ್ನೂ ಕರೆದುಕೊಂಡು ಕಚೇರಿಗೆ ಹಾರ ತಂದರು. ನಾನು ಕೊರಳು ಬಾಗಿಸುವಷ್ಟರಲ್ಲಿ ಅದು ಬಿಲ್ಲೆಯ ಮೇಲಿತ್ತು.