ಹನ್ನೆರಡೂವರೆ ಬಸ್ಸಿನ ಚೀಟಿ

ಅದೊಂದು ಮಾಮೂಲಿ ಮಂಗಳವಾರ. ನನ್ನ ಗಂಡ ಮುದ್ದೆ ಉಂಡು, ಕನ್ನಡಕ ಒರೆಸಿಕೊಂಡು ಕಚೇರಿಗೆ ಹೋದರು. ಮಧುಗಿರಿ ಕಡೆಯ ಒಂದು ನಾಡಕಚೇರಿಯಲ್ಲಿ ಜನರ ಅರ್ಜಿ ತೆಗೆದುಕೊಳ್ಳುವ ಕೆಲಸ ಅವರದು. ಆಗ ನನಗೆ ದೆವ್ವ, ಆತ್ಮ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಅವರಿಗೂ ಇರಲಿಲ್ಲ.

"ನಾಳೆ ಬಾ" ಎನ್ನುವ ಮಾತು ಅವರಿಗೆ ಆಗುತ್ತಿರಲಿಲ್ಲ. ದೆವ್ವ ತಿರುಗಿ ಹೋಗಲಿ ಎಂದು ಹಿಂದೆ ನಮ್ಮೂರಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದ ಮಾತು ಅದು.

"ದೆವ್ವಕ್ಕೆ ಹೇಳೋದನ್ನ ಜನಕ್ಕೆ ಹೇಳ್ತೀವಲ್ಲೇ" ಎಂದು ನಗುತ್ತಿದ್ದರು.

ಅರ್ಜಿ ಕೊಟ್ಟವರನ್ನು ಅಲೆಸಬಾರದು, ಹೇಳಿದ ದಿನಕ್ಕೆ ಕೆಲಸ ಮುಗಿಸಬೇಕು ಎಂಬ ಹೊಸ ಪದ್ಧತಿ ಬಂದಾಗ ಅವರಷ್ಟು ಖುಷಿಪಟ್ಟವರು ಅಲ್ಲಿ ಇನ್ನೊಬ್ಬರಿಲ್ಲ. ಅಚ್ಚಾದ ರಸೀದಿಯ ಸಣ್ಣ ಅಕ್ಷರ ಯಾರಿಗೂ ಕಾಣುವುದಿಲ್ಲವೆಂದು, ದಪ್ಪಗೆ ತಾರೀಖು ಬರೆದ ಚೀಟಿಯೊಂದನ್ನೂ ಕೊಡುತ್ತಿದ್ದರು. ಅದರ ಹಿಂದೆ ಅವರವರ ಊರಿನ ಬಸ್ಸಿನ ಹೊತ್ತು.

ಆ ಸಂಜೆ ಮಂಕಾಗಿ ಬಂದರು. ಕುರಿ ಕಾಯುವ ಕರಿಯಮ್ಮ ಎಂಬ ಮುದುಕಿ ಹಟ್ಟಿಯಿಂದ ಬಂದಿದ್ದಳಂತೆ. ಹೆಬ್ಬೆಟ್ಟು ಸವೆದು ಯಂತ್ರ ಗುರುತು ಹಿಡಿಯಲಿಲ್ಲ. ಅದಾಗದೆ ಅವಳ ನಿಂತುಹೋದ ವಿಧವಾ ವೇತನ ಮತ್ತೆ ಬರುವುದಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು. ನಾಳೆ ಬಾ ಎಂದುಬಿಟ್ಟೆ, ಚೀಟಿ ಕೂಡ ಕೊಡಲಿಲ್ಲ ಎಂದು ತಟ್ಟೆ ಮುಂದೆ ಕೂತು ಎರಡು ಸಲ ಹೇಳಿದರು.

ಬೆಳಗಿನ ಜಾವ ಎದೆನೋವು ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವತ್ತು ಕಚೇರಿಯ ಬೀಗ ತೆಗೆಯಲಿಲ್ಲ. ಅಲ್ಲಿನವರೆಲ್ಲ ನಮ್ಮ ಮನೆ ಮುಂದೆ ನಿಂತಿದ್ದರು.

ಮೂರು ತಿಂಗಳ ಮೇಲೆ ಅವರ ಮೇಜಿನ ಸಾಮಾನು ತರಲು ಹೋದೆ. ಹಗಲು ಹನ್ನೊಂದರ ಹೊತ್ತು, ತುಂಬ ಜನ. ಕಂಬಳಿ ಹೊದ್ದ ಮುದುಕಿಯೊಬ್ಬಳು ಕನ್ನಡಕದ ಸ್ವಾಮಿ ಎಲ್ಲಿ ಎಂದು ಕೇಳಿದಳು. ಗುಮಾಸ್ತರು ಅವರು ತೀರಿಕೊಂಡ ದಿನವನ್ನು ಹೇಳಿ, ನನ್ನನ್ನು ತೋರಿಸಿದರು. ಅವಳು ನಂಬಲಿಲ್ಲ.

"ಸುಮ್ಕಿರಪ್ಪ. ಅವತ್ತೇ ಅಲ್ವಾ ನನ್ ಎಬ್ಬೆಟ್ಟು ತಗಂಡಿದ್ದು? ಬಾಗ್ಲಾಗೆ ಕಾಯ್ತಾ ನಿಂತಿದ್ರು. ಬೆರಳ್ನ ಅಂಗೈಯಾಗೆ ಉಜ್ಜಿ ಉಜ್ಜಿ ಬಿಸಿ ಮಾಡಿ ಒತ್ತಿಸಿದ್ರು."

ಎಲೆಅಡಿಕೆ ಚೀಲದಿಂದ ಚೀಟಿ ತೆಗೆದಳು. ಆ ಬುಧವಾರದ ತಾರೀಖು. ಹಿಂದೆ, ಹನ್ನೆರಡೂವರೆ ಬಸ್ಸು. ಅಕ್ಷರ ಅವರದೇ. ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿದರು. ಹೆಬ್ಬೆಟ್ಟು ದಾಖಲಾಗಿತ್ತು, ಅದೇ ದಿನ, ಬೆಳಿಗ್ಗೆ ಹತ್ತೂಕಾಲಿಗೆ.

ಚೀಟಿಯನ್ನು ಅವರು ಹಿಂದಿನ ದಿನವೇ ಬರೆದು ಕೊಟ್ಟು ಮರೆತಿರಬಹುದು, ಯಂತ್ರ ತಪ್ಪು ತೋರಿಸಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಚಳಿಗಾಲದಲ್ಲಿ ನನ್ನ ಬೆರಳನ್ನೂ ಅವರು ಹಾಗೇ ಉಜ್ಜುತ್ತಿದ್ದರು. ಅದು ಅವಳಿಗೆ ಹೇಗೆ ಗೊತ್ತು?

ಇನ್ನೇನಾದರೂ ಹೇಳಿದರಾ ಎಂದು ಕೇಳಿದೆ. ಮುದುಕಿ ಈಗ ನನ್ನ ಕೊರಳನ್ನು, ಹಣೆಯನ್ನು ನೋಡುತ್ತಿದ್ದಳು. ದನಿ ಇಳಿದಿತ್ತು.

"ಮನ್ಯಾಗೆ ಕಾಯ್ತಿರ್ತಾಳೆ, ಓಗ್ಬೇಕು ಅಂದ್ರು ಕಣಮ್ಮ. ಅಂಗೇ ಓದ್ರು."

ಆ ಹತ್ತೂಕಾಲಿಗೆ ನಾನು ಹಜಾರದಲ್ಲಿ ಅವರ ದೇಹದ ಪಕ್ಕ ಕೂತಿದ್ದೆ. ಕಚೇರಿಯಿಂದ ಹೊರಟವರು ಇನ್ನೂ ಮನೆಗೆ ಬಂದಿಲ್ಲ.